ಹೋಮ್‌ಸ್ಕೂಲಿಂಗ್ ಮತ್ತು ಸಂಗೀತ ಪಾಠ: ಬಿಡುವಿಲ್ಲದ ಮನೆಯಲ್ಲಿ ಎರಡನ್ನೂ ನಡೆಸುವುದು ಹೇಗೆ?

ಮನೆಯಲ್ಲೇ ಓದುವ ಮಕ್ಕಳ ಸಂಗೀತ ಹಿಂದೆ ಬೀಳುವುದು ಹೊತ್ತು ಸಾಲದೆ ಅಲ್ಲ. ಶಾಲೆಗೆ ಹೋಗಿಬರುವ ಮಗುವಿಗಿಂತ ಇವರ ಕೈಯಲ್ಲಿ ಹೊತ್ತು ಹೆಚ್ಚೇ ಇರುತ್ತದೆ. ಬಸ್ಸು ಕಾಯುವುದಿಲ್ಲ, ಹಾಜರಿ ಕೂಗುವುದಿಲ್ಲ, ಇಡೀ ತರಗತಿಗೆ ಅರ್ಥವಾಗಲಿ ಎಂದು ಸುಮ್ಮನೆ ಕೂರಬೇಕಾಗಿಲ್ಲ. ಸಾಲದೆ ಬರುವುದು ದೊಡ್ಡವರ ಗಮನ. ಒಬ್ಬಳಿಗೆ ಭಿನ್ನರಾಶಿ ತಲೆಗೆ ಹತ್ತಿಲ್ಲ, ಚಿಕ್ಕವನಿಗೆ ಓದಿ ಹೇಳಬೇಕು, ಒಳಗಿನ ಕೋಣೆಯಲ್ಲಿ ಪಿಟೀಲು ಶ್ರುತಿ ಬಿಟ್ಟು ಹೋಗುತ್ತಿದೆ, ಫೋನಿನಲ್ಲಿ ಆಫೀಸಿನವರು ಕಾಯುತ್ತಿದ್ದಾರೆ. ಈ ನಾಲ್ಕಕ್ಕೂ ಇರುವುದು ಒಂದೇ ಜೋಡಿ ಕಿವಿ.

ಅದಕ್ಕೇ ಮಗುವಿನ ಗಂಟೆಗಳನ್ನು ಬಣ್ಣಬಣ್ಣದ ಚೌಕಗಳಲ್ಲಿ ತುಂಬುವ ವೇಳಾಪಟ್ಟಿಗಳು ಎರಡನೇ ವಾರಕ್ಕೇ ಗೋಡೆಯ ಮೇಲೆ ಅಲಂಕಾರವಾಗಿ ಉಳಿಯುತ್ತವೆ. ಇಲ್ಲಿ ಹಂಚಿಕೊಳ್ಳಬೇಕಾದದ್ದು ನಿಮ್ಮ ಗಮನವನ್ನು. ಮಗುವಿನ ಗಂಟೆಗಳು ಅದರ ಹಿಂದೆ ತಾವಾಗಿ ಬರುತ್ತವೆ.

ಹಂತ 1: ಮೂರು ಪಟ್ಟಿ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಮಾಡಿ. ಮೊದಲನೆಯದು "ಪಕ್ಕದಲ್ಲೇ ಕೂರಬೇಕು". ಎರಡನೆಯದು "ಕೂಗಳತೆಯಲ್ಲಿದ್ದರೆ ಸಾಕು". ಮೂರನೆಯದು "ನಾನು ಬೇಕಿಲ್ಲ". ಮಕ್ಕಳು ವಾರವಿಡೀ ಮಾಡುವ ಎಲ್ಲವನ್ನೂ, ಪ್ರತಿ ಮಗುವಿಗೂ ಬೇರೆ ಬೇರೆಯಾಗಿ, ಈ ಮೂರರಲ್ಲಿ ಹಾಕಿ.

ವಿಷಯದ ಹೆಸರು ಬರೆದರೆ ಸಾಲದು, ಒಡೆದು ಬರೆಯಬೇಕು. "ಗಣಿತ" ಎಂದರೆ ಹೊಸ ಪಾಠವೂ ಇದೆ, ಅಭ್ಯಾಸದ ಲೆಕ್ಕಗಳೂ ಇವೆ. ಹೊಸ ಪಾಠ ಮೊದಲ ಕಾಲಮ್ಮಿಗೆ, ಅಭ್ಯಾಸದ ಲೆಕ್ಕ ಎರಡನೆಯದಕ್ಕೆ. ಸಂಗೀತವೂ ಹಾಗೆಯೇ. ಈ ವಾರ ಹೇಳಿಕೊಟ್ಟ ಹೊಸ ಸಾಲು, ಕೈ ಕೂರುವ ಬಗೆ, ಬಿಲ್ಲು ಹಿಡಿಯುವ ಬಗೆ ಇವು ಮೊದಲ ಕಾಲಂ. ಆಗಲೇ ಬರುವ ವರಸೆ (ಸ್ವರಗಳ ಅಭ್ಯಾಸಪಾಠ), ಸ್ಕೇಲು, ಹಳೆಯ ಹಾಡು ಎರಡನೆಯದು. ಕೇಳುವುದು, ಸ್ವರ ಬರೆದುಕೊಳ್ಳುವುದು, ತನ್ನಿಷ್ಟಕ್ಕೆ ನುಡಿಸಿಕೊಳ್ಳುವುದು ಮೂರನೆಯದು. ಆರು ವರ್ಷದ ಮಗುವಿಗೆ ಹೆಚ್ಚುಕಡಿಮೆ ಎಲ್ಲವೂ ಮೊದಲ ಕಾಲಮ್ಮಿನಲ್ಲೇ ಬಂದು ಕೂರುತ್ತದೆ. ಅದು ನಿಮ್ಮ ತಪ್ಪಲ್ಲ, ಆ ವಯಸ್ಸೇ ಹಾಗೆ.

ಈಗ ನಿಯಮ ಒಂದೇ: ಮನೆಯಲ್ಲಿ ಒಂದೇ ಹೊತ್ತಿಗೆ ಮೊದಲ ಕಾಲಮ್ಮಿನ ಎರಡು ಕೆಲಸ ಬರಕೂಡದು. ಮಗಳ ಹೊಸ ಸಾಲು ನಡೆಯುವಾಗ ಮಗ ಲೆಕ್ಕ ಮಾಡುತ್ತಿರಲಿ ಅಥವಾ ಓದುತ್ತಿರಲಿ. ಮಗನಿಗೆ ಹೊಸ ಪಾಠ ಹೇಳುವಾಗ ಮಗಳು ಹಳೆಯ ವರಸೆ ನುಡಿಸಲಿ. ನಿಮ್ಮ ಆಫೀಸಿನ ಮೀಟಿಂಗೂ ಮೊದಲ ಕಾಲಮ್ಮಿನದೇ ಎಂದು ಲೆಕ್ಕಕ್ಕೆ ಹಿಡಿಯಿರಿ. ಬಹಳ ಮನೆಗಳಲ್ಲಿ ಪಟ್ಟಿ ಮುಗಿಯುವ ಹೊತ್ತಿಗೆ ಮೊದಲ ಕಾಲಮ್ಮು ದಿನಕ್ಕೆ ಹಿಡಿಸಲಾರದಷ್ಟು ಉದ್ದವಾಗಿರುತ್ತದೆ. ಆಗ ಮಕ್ಕಳನ್ನು ಬೇಗ ಎಬ್ಬಿಸಿ ಪ್ರಯೋಜನವಿಲ್ಲ. ಏನನ್ನಾದರೂ ಬಿಡಬೇಕು, ಇಲ್ಲವೇ ಇನ್ನೊಬ್ಬ ದೊಡ್ಡವರಿಗೆ ವಹಿಸಬೇಕು. ಅಪ್ಪನಿಗೆ ಸಂಗೀತ ಬರದಿದ್ದರೂ ಅಭ್ಯಾಸಕ್ಕೆ ಪಕ್ಕದಲ್ಲಿ ಕೂರಬಹುದು. ಟೀಚರ್ ಬರೆದುಕೊಟ್ಟದ್ದನ್ನು ಓದಿ, ಅದರಂತೆ ನಡೆಯುತ್ತಿದೆಯೇ ಎಂದು ನೋಡಿದರೆ ಆಯಿತು.

ಹಂತ 2: ಈ ವರ್ಷ ಸಂಗೀತದಿಂದ ಏನು ಬೇಕು ಎಂದು ಒಂದು ಸಾಲಿನಲ್ಲಿ ಹೇಳಿ

ಪರೀಕ್ಷೆ ಕಟ್ಟಿಸುವುದೇ? ವರ್ಷದ ಕೊನೆಗೆ ನಾಲ್ಕು ಜನರ ಮುಂದೆ ಹಾಡುವಂತಾಗುವುದೇ? ಶ್ರುತಿ ಲಯದ ರುಚಿ ಹತ್ತಿದರೆ ಸಾಕೇ? ಮೂರಕ್ಕೂ ಬೇಕಾಗುವ ಹೊತ್ತು ಬೇರೆ ಬೇರೆ. ಉತ್ತರ ಸ್ಪಷ್ಟವಿಲ್ಲದ ಮನೆಯಲ್ಲಿ ಮಗುವಿನಿಂದ ಪರೀಕ್ಷೆಯಷ್ಟು ದುಡಿಮೆ ಬೇಡುತ್ತಾರೆ, ರುಚಿಯಷ್ಟೇ ಹೊತ್ತು ಕೊಡುತ್ತಾರೆ.

ಶುರುವಿನಲ್ಲಿ ಒಂದು ಮಗುವಿಗೆ ಒಂದೇ ವಾದ್ಯ, ಅಥವಾ ಬರೀ ಹಾಡುಗಾರಿಕೆ. ಕೀಬೋರ್ಡು, ಡ್ರಮ್ಸ್, ಜೊತೆಗೆ ಹಾಡು ಎಂದು ಮೂರು ಕಡೆ ಸೇರಿಸುವವರಿದ್ದಾರೆ. ನನ್ನ ಮಟ್ಟಿಗೆ ಅದು ಮಗುವಿನ ಆಸಕ್ತಿಗಿಂತ ದೊಡ್ಡವರ ಆಸೆ. ಪಿಟೀಲು ಆರಿಸುವವರು ಒಂದನ್ನು ಮೊದಲೇ ತಿಳಿದಿರಬೇಕು: ಮಗು ಬೆಳೆದಂತೆ ವಾದ್ಯವೂ ಬದಲಾಗುತ್ತದೆ. 1/16, 1/8, 1/4, 1/2, 3/4 ಹೀಗೆ ಅಳತೆಗಳಿವೆ, ಕೊನೆಗೆ ಪೂರ್ತಿ ಅಳತೆಯ 4/4. "ಮುಂದೆ ಸರಿಹೋಗುತ್ತದೆ" ಎಂದು ದೊಡ್ಡದನ್ನು ತಂದರೆ ಮಗುವಿನ ಹೆಗಲು, ಬೆರಳು ತಪ್ಪು ಭಂಗಿಗೆ ಒಗ್ಗಿಬಿಡುತ್ತವೆ. ಬಾಡಿಗೆಗೆ ಸಿಕ್ಕರೆ ಚಿಕ್ಕ ಅಳತೆಗಳನ್ನು ಬಾಡಿಗೆಗೇ ತನ್ನಿ.

ಹಂತ 3: ಟೀಚರ್ ಹತ್ತಿರ ಹಗಲು ಹೊತ್ತು ಕೇಳಿ

ಹೋಮ್‌ಸ್ಕೂಲಿಂಗ್‌ನ ಬಹುದೊಡ್ಡ ಅನುಕೂಲ ಇದು, ಆದರೂ ಎಷ್ಟೋ ಜನ ಇದನ್ನು ಬಳಸಿಕೊಳ್ಳುವುದಿಲ್ಲ. ಸಂಗೀತ ಕಲಿಸುವವರಿಗೆ ಸಂಜೆ ಉಸಿರಾಡಲು ಪುರುಸೊತ್ತಿರುವುದಿಲ್ಲ, ಶಾಲೆ ಬಿಟ್ಟ ಮಕ್ಕಳೆಲ್ಲ ಆಗಲೇ ಬರುವುದು. ಬೆಳಿಗ್ಗೆ ಹತ್ತಕ್ಕೋ ಮಧ್ಯಾಹ್ನ ಎರಡಕ್ಕೋ ಅವರು ಖಾಲಿ ಇರುತ್ತಾರೆ. ಆ ಹೊತ್ತು ಕೇಳಿದರೆ ಮಗುವಿಗೆ ದಣಿಯದ ಗುರು ಸಿಗುತ್ತಾರೆ, ನಿಮಗೆ ಸಂಜೆಯ ಟ್ರಾಫಿಕ್ ತಪ್ಪುತ್ತದೆ. ಇಬ್ಬರು ಮಕ್ಕಳಿದ್ದರೆ ಒಬ್ಬರ ಹಿಂದೆ ಒಬ್ಬರಿಗೆ ಅದೇ ದಿನ ಪಾಠ ಇಟ್ಟುಕೊಳ್ಳುವುದೂ ಹಗಲಿನಲ್ಲಿ ಸುಲಭ.

ಮೊದಲ ಭೇಟಿಯಲ್ಲೇ ಕೆಲವು ಮಾತು ಕೇಳಿಬಿಡಿ. ವಾರದ ಅಭ್ಯಾಸವನ್ನು ಪುಸ್ತಕದಲ್ಲಿ ಬರೆದುಕೊಡುತ್ತೀರಾ? ಪಾಠವನ್ನು ರೆಕಾರ್ಡ್ ಮಾಡಿಕೊಳ್ಳಬಹುದೇ? ಹತ್ತೇ ನಿಮಿಷ ಸಿಕ್ಕ ದಿನ ಯಾವುದನ್ನು ಬಿಡದೆ ಮಾಡಬೇಕು? ಇವುಗಳ ಜೊತೆಗೆ, ಮನೆಯಲ್ಲಿ ತಪ್ಪಿದಾಗ ನಾನು ತಿದ್ದಲೇ, ನಿಮಗೇ ಬಿಡಲೇ ಎಂದು ತಪ್ಪದೆ ಕೇಳಿ. ಇದಕ್ಕೆ ಒಬ್ಬೊಬ್ಬರ ಉತ್ತರ ಒಂದೊಂದು. ಜಪಾನಿನ ಪಿಟೀಲು ಗುರು ಶಿನಿಚಿ ಸುಝುಕಿ (1898–1998) ಕಟ್ಟಿದ ಪದ್ಧತಿಯಲ್ಲಿ ತಾಯಿಯೋ ತಂದೆಯೋ ಪಾಠದಲ್ಲೂ ಕೂರಬೇಕು, ಮನೆಯಲ್ಲೂ ಅಭ್ಯಾಸ ಮಾಡಿಸಬೇಕು, ಕಲಿಯುವ ತುಣುಕಿನ ಧ್ವನಿಮುದ್ರಣವನ್ನು ಮಗುವಿಗೆ ದಿನಾ ಕೇಳಿಸಬೇಕು. ಇನ್ನು ಕೆಲವು ಗುರುಗಳಿಗೆ ತಂದೆತಾಯಿ ಬಾಗಿಲಾಚೆ ಇದ್ದರೇ ಹಿತ. ಯಾವುದಾದರೂ ಸರಿ, ಆದರೆ ಮನೆಯಲ್ಲಿ ಒಂದು ನಡೆ, ಕ್ಲಾಸಿನಲ್ಲಿ ಇನ್ನೊಂದು ನಡೆ ಆದರೆ ಮಗು ಸೊರಗುತ್ತದೆ.

ಪಾಠದ ದಿನವನ್ನು ಆರಿಸುವಾಗ ಇನ್ನೊಂದು ಲೆಕ್ಕ ಇದೆ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಅತಿ ಹೆಚ್ಚು ಮರೆಯುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ. ನಮ್ಮಲ್ಲಿ ಬಹುತೇಕ ಮಕ್ಕಳು ಪಾಠದ ದಿನ "ಇವತ್ತು ಕ್ಲಾಸ್ ಆಯ್ತಲ್ಲ" ಎಂದು ವಾದ್ಯ ಮುಟ್ಟುವುದೇ ಇಲ್ಲ, ಕ್ಲಾಸಿನ ಹಿಂದಿನ ದಿನ ಮಾತ್ರ ಗಡಿಬಿಡಿಯಿಂದ ನುಡಿಸುತ್ತಾರೆ. ಇದನ್ನು ತಿರುಗಿಸಿ. ಪಾಠ ಮುಗಿಸಿ ಬಂದ ಸಂಜೆಯೇ ಹೊಸ ಸಾಲನ್ನು ಐದು ನಿಮಿಷ ನುಡಿಸಿದರೆ, ಮೂರು ದಿನ ಬಿಟ್ಟು ಅರ್ಧ ಗಂಟೆ ತಡಕಾಡುವುದು ತಪ್ಪುತ್ತದೆ. ಆ ಸಂಜೆ ಬೇರೆ ಯಾವ ಓಡಾಟವೂ ಇಲ್ಲದ ದಿನವನ್ನೇ ಪಾಠಕ್ಕೆ ಇಟ್ಟುಕೊಳ್ಳಿ.

ಹಂತ 4: ಗಡಿಯಾರಕ್ಕಲ್ಲ, ನಡೆಯುವ ಕೆಲಸಕ್ಕೆ ಗಂಟು ಹಾಕಿ

"ಎಂಟೂವರೆಗೆ ಅಭ್ಯಾಸ" ಎಂದು ಬರೆದರೆ ಎಂಟೂ ನಲವತ್ತಾದ ದಿನ ಅದು ತಪ್ಪಿಹೋದ ಹಾಗೆ. "ಸ್ನಾನ ಆದ ಮೇಲೆ, ಪುಸ್ತಕ ತೆಗೆಯುವ ಮುಂಚೆ" ಎಂದರೆ ಸ್ನಾನ ಎಷ್ಟು ತಡವಾದರೂ ಅಭ್ಯಾಸ ಅದರ ಹಿಂದೆಯೇ ಬರುತ್ತದೆ. ಚಿಕ್ಕ ಮಗು, ಊಹಿಸಲಾಗದ ಆಫೀಸು, ಆಗಾಗ ಬರುವ ನೆಂಟರು ಇರುವ ಮನೆಗೆ ಇದೇ ಸರಿ.

ನಾನು ಹೇಳುವುದು ಪುಸ್ತಕಕ್ಕಿಂತ ಮೊದಲು ಸಂಗೀತ. ಗಣಿತ, ಭಾಷೆ ಮುಗಿಸದೆ ದೊಡ್ಡವರಿಗೆ ಸಮಾಧಾನವಿರುವುದಿಲ್ಲ, ಆದ್ದರಿಂದ ಅವು ಹೇಗಾದರೂ ಆಗಿಯೇ ಆಗುತ್ತವೆ. ಸಂಗೀತ ಸಂಜೆಗೆ ಹೋದರೆ ಅದು ದಿನದ ಉಳಿಕೆ ಹೊತ್ತಿನಲ್ಲಿ ನಡೆಯುತ್ತದೆ. ದಣಿದ ಕಿವಿಗೆ ಶ್ರುತಿಯ ಸಣ್ಣ ತಪ್ಪು ಕೇಳುವುದೂ ಇಲ್ಲ.

ಎಷ್ಟು ಹೊತ್ತು? ಐದರಿಂದ ಏಳು ವರ್ಷದವರಿಗೆ ಹತ್ತು ನಿಮಿಷ, ದಿನಕ್ಕೆ ಎರಡು ಸಲ. ಎಂಟರಿಂದ ಹತ್ತರವರಿಗೆ ಹದಿನೈದು ಇಪ್ಪತ್ತು ನಿಮಿಷ, ಎರಡು ಸಲ. ಅದಕ್ಕಿಂತ ದೊಡ್ಡವರ ಲೆಕ್ಕ ಗುರಿಯ ಮೇಲೆ ಹೋಗುತ್ತದೆ. ಅದೇ ಹೊತ್ತನ್ನು ಎರಡಾಗಿ ಒಡೆದರೆ ನೆನಪಿನಲ್ಲಿ ಹೆಚ್ಚು ನಿಲ್ಲುತ್ತದೆ. ಶಾಲೆಗೆ ಹೋಗುವ ಮಗುವಿಗೆ ಇದು ಕಷ್ಟ, ಮನೆಯಲ್ಲೇ ಇರುವ ಮಗುವಿಗೆ ಕಷ್ಟವೇ ಇಲ್ಲ. ಬೆಳಗಿನ ಸಲ ನೀವು ಪಕ್ಕದಲ್ಲಿ ಕೂತು ಹೊಸದು, ಮಧ್ಯಾಹ್ನದ ಸಲ ಮಗು ತಾನೊಂದೇ ಕೂತು ಹಳೆಯದು. ಇಷ್ಟು ಮಾಡಿದರೆ ಮೂರು ಕಾಲಮ್ಮಿನ ಗಂಟು ಅರ್ಧ ಬಿಚ್ಚಿತು.

ಹಂತ 5: ಅಭ್ಯಾಸದ ಒಳಗೆ ಏನಿರಬೇಕು

ನನಗೆ ಈ ಭಾಗವೇ ಮುಖ್ಯ. ಯಾಕೆಂದರೆ ಮಗು ತಾನೊಂದೇ ಕೂತು ಅಭ್ಯಾಸ ಮಾಡಬಲ್ಲುದೇ ಇಲ್ಲವೇ ಎಂಬುದರ ಮೇಲೆಯೇ ನಿಮ್ಮ ಇಡೀ ದಿನ ನಿಂತಿದೆ.

ಒಬ್ಬರನ್ನೇ ಬಿಟ್ಟರೆ ಮಕ್ಕಳು ಎಲ್ಲರೂ ಮಾಡುವುದು ಒಂದೇ: ಮೊದಲಿನಿಂದ ಶುರುಮಾಡಿ, ತಪ್ಪುವ ಜಾಗಕ್ಕೆ ಬಂದು, ಎಡವಿ, ಮತ್ತೆ ಮೊದಲಿಗೆ ಹೋಗುವುದು. ಅರ್ಧ ಗಂಟೆಯಲ್ಲಿ ಚೆನ್ನಾಗಿ ಬರುವ ಪಲ್ಲವಿ ಇಪ್ಪತ್ತು ಸಲ ಆಗಿರುತ್ತದೆ, ಬರದ ಜಾಗ ಇಪ್ಪತ್ತು ಸಲ ತಪ್ಪಾಗಿಯೇ ಕೈಗೆ ಕೂತಿರುತ್ತದೆ. ಆದ್ದರಿಂದ ಮಗುವಿಗೆ ಮೊದಲು ಕಲಿಸಬೇಕಾದದ್ದು ನಡುವಿನಿಂದ ಎತ್ತಿಕೊಳ್ಳುವುದನ್ನು. ತಪ್ಪುವ ಸ್ವರದ ಹಿಂದಿನ ಎರಡು, ಮುಂದಿನ ಎರಡು ಸ್ವರ ಸೇರಿಸಿ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಡಿ. ಅಷ್ಟನ್ನೇ, ನಗು ಬರುವಷ್ಟು ನಿಧಾನವಾಗಿ ನುಡಿಸಲಿ.

ನಿಧಾನ ಎಂದರೆ ಎಷ್ಟು ಎಂದು ಮಗುವಿಗೆ ತಿಳಿಯುವುದಿಲ್ಲ. ಅದಕ್ಕೆ ಸಮನಾದ ಬಡಿತ ಕೇಳಿಸುವ ಮೆಟ್ರೋನೋಮ್ ಇದೆ. 1815ರಲ್ಲಿ ಜರ್ಮನ್ ಯಂತ್ರತಜ್ಞ ಮೆಲ್ಟ್‌ಜೆಲ್ ಪೇಟೆಂಟ್ ಪಡೆದ ಲೋಲಕದ ಪೆಟ್ಟಿಗೆ ಇವತ್ತು ಫೋನಿನೊಳಗೆ ಬಂದು ಕೂತಿದೆ. ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ತಪ್ಪಿಲ್ಲದೆ ಬಂದ ಮೇಲೆ 66, ಆಮೇಲೆ 72 ಎಂದು ಏರಿಸುತ್ತ ಹೋಗಲಿ. ಕರ್ನಾಟಕ ಸಂಗೀತ ಕಲಿಯುವವರಿಗೆ ಈ ಶಿಸ್ತು ಪಾಠದಲ್ಲೇ ಇದೆ. ತಾಳದ ನಡೆ ಬದಲಾಗದೆ ಮೊದಲ ಕಾಲದಲ್ಲಿ (ವೇಗದಲ್ಲಿ) ಒಂದು ಎಣಿಕೆಗೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮೂರನೇ ಕಾಲ ಮುರಿದರೆ ಅದನ್ನೇ ಹಟದಿಂದ ಹತ್ತು ಸಲ ಮಾಡುವ ಬದಲು ಎರಡನೆಯದಕ್ಕೆ ಇಳಿದು ಮತ್ತೆ ಹತ್ತಬೇಕು. ಕೀಬೋರ್ಡಿನವರು ಬಲಗೈ ಬೇರೆ, ಎಡಗೈ ಬೇರೆ ಮಾಡಿಕೊಂಡು ಆಮೇಲೆ ಸೇರಿಸಲಿ.

ಇನ್ನು, ಮುಗಿಯಿತು ಎಂದರೆ ಏನು ಎಂಬುದು ಮಗುವಿಗೆ ಗೊತ್ತಿರಬೇಕು. "ಅರ್ಧ ಗಂಟೆ ಮಾಡು" ಎಂದರೆ ಮಗು ಗಡಿಯಾರ ನೋಡುತ್ತದೆ. "ಗೆರೆ ಹಾಕಿದ ಜಾಗ 60ರಲ್ಲಿ ಐದು ಸಲ ತಪ್ಪಿಲ್ಲದೆ ಬಂದರೆ ಎದ್ದು ಹೋಗು" ಎಂದರೆ ಮಗು ಸ್ವರ ನೋಡುತ್ತದೆ. ಎಂಟೇ ನಿಮಿಷದಲ್ಲಿ ಮುಗಿಸಿ ಎದ್ದು ಓಡಿದರೆ ಓಡಲಿ, ಹೊತ್ತು ಉಳಿಯಿತು ಎಂದು ಇನ್ನೊಂದು ಸಾಲು ಹೇರಬೇಡಿ. ಹೇರಿದರೆ ನಾಳೆಯಿಂದ ನಿಧಾನ ಮಾಡುವುದನ್ನು ಅದು ಕಲಿಯುತ್ತದೆ.

ಕೊನೆಯ ಎರಡು ನಿಮಿಷ ಅದರ ಇಷ್ಟದ್ದು. ಕಿವಿಯಲ್ಲಿ ಕೂತ ಜಾಹೀರಾತಿನ ರಾಗವಾದರೂ ಸರಿ.

ಹಂತ 6: ಸದ್ದಿನ ನಕ್ಷೆ

ಒಂದೇ ಮನೆಯಲ್ಲಿ ಒಬ್ಬ ಮೃದಂಗ, ಇನ್ನೊಬ್ಬಳು ವ್ಯಾಕರಣ ಎಂದರೆ ಜಗಳ ಖಂಡಿತ. ಯಾವ ಅಭ್ಯಾಸದ ಸದ್ದನ್ನು ಓದುವವರು ತಡೆದುಕೊಳ್ಳುತ್ತಾರೆ ಎಂದು ಎರಡು ದಿನ ಗಮನಿಸಿ ನೋಡಿ. ಚರ್ಮವಾದ್ಯ, ಡ್ರಮ್ಸ್, ಊದುವ ವಾದ್ಯಗಳನ್ನು ಉಳಿದವರು ಹೊರಗೆ ಆಡುವ ಹೊತ್ತಿಗೆ ಇಡಿ. ಕೀಬೋರ್ಡಿಗೆ ಹೆಡ್‌ಫೋನ್ ಹಾಕಬಹುದು, ಆದರೆ ಧ್ವನಿಯ ಮಟ್ಟದ ಮೇಲೆ ಕಣ್ಣಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಆಲಿಸುವಿಕೆಯ ಮಾನದಂಡ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಎನ್ನುತ್ತದೆ, ಮಕ್ಕಳಿಗೆ ಅಷ್ಟೇ ಹೊತ್ತಿಗೆ 75. ಹಾಡುವವರಿಗೆ, ಪಿಟೀಲಿನವರಿಗೆ ಹೆಡ್‌ಫೋನಿನ ದಾರಿಯಿಲ್ಲ. ಅವರಿಗೆ ಬಾಗಿಲು ಹಾಕುವ ಒಂದು ಕೋಣೆ ಬೇಕು.

ಕೈಗೆ ಸಿಗುವ ಜಾಗದಲ್ಲಿರುವ ವಾದ್ಯವೇ ಹೆಚ್ಚು ಸಲ ಕೈಗೆ ಬರುವುದು. ಬಿಸಿಲು ಬೀಳದ, ಚಿಕ್ಕವರ ಕೈಗೆ ಎಟುಕದ ಜಾಗ ಒಂದನ್ನು ಹುಡುಕಿ ಅಲ್ಲೇ ತೆರೆದಿಡಿ.

ಹಂತ 7: ಸಂಗೀತವನ್ನೇ ಪಾಠ ಮಾಡಿಕೊಳ್ಳಿ, ಆದರೆ ಹದವಾಗಿ

ಹೊತ್ತು ಉಳಿಸುವ ನಿಜವಾದ ಉಪಾಯ ಇಲ್ಲಿದೆ. ಗಿಟಾರ್ ಇರುವ ಮನೆಯಲ್ಲಿ ಭಿನ್ನರಾಶಿಗೆ ಬೇರೆ ಚಿತ್ರಪಟ ಬೇಡ. ತಂತಿಯ ಪೂರ್ತಿ ಉದ್ದವನ್ನು ಅಳೆಯಲು ಹೇಳಿ, ಆಮೇಲೆ ಹನ್ನೆರಡನೇ ಫ್ರೆಟ್ಟಿನಿಂದ ಬ್ರಿಡ್ಜ್‌ವರೆಗೆ ಅಳೆಯಲಿ. ಸರಿಯಾಗಿ ಅರ್ಧ. ಕೇಳಿದರೆ ಅದೇ ಸ್ವರ, ಒಂದು ಸ್ಥಾಯಿ ಮೇಲೆ. ಏಳನೇ ಫ್ರೆಟ್ಟಿನಿಂದ ಅಳೆದರೆ ಹೆಚ್ಚುಕಡಿಮೆ 2/3: ಷಡ್ಜಕ್ಕೆ (ಸ) ಪಂಚಮ (ಪ). ಐದನೆಯದರಿಂದ ಸುಮಾರು 3/4: ಶುದ್ಧ ಮಧ್ಯಮ (ಮ). ತಂತಿ ಅರ್ಧವಾದರೆ ಕಂಪನ ಎರಡರಷ್ಟು, ಆದ್ದರಿಂದ 440 ಹರ್ಟ್ಸ್ ಇದ್ದದ್ದು 880 ಆಗುತ್ತದೆ. ವಿಲೋಮ ಅನುಪಾತವೂ ಇಲ್ಲೇ ಮುಗಿಯಿತು, ಅದೂ ಕಿವಿಗೆ ಕೇಳುವ ಹಾಗೆ.

ಹಾಡು ಕಲಿಯುವವರಿಗೆ ತಾಳವಿದೆ. ಆದಿತಾಳಕ್ಕೆ ಎಣಿಕೆ 4+2+2. ತಾಳದ ಲಘು ಎಂಬ ಭಾಗಕ್ಕೆ ಎಣಿಕೆಯ ಮೇಲೆ 3, 4, 5, 7, 9 ಎಂದು ಐದು ಜಾತಿ. ಏಳು ತಾಳಕ್ಕೆ ಐದು ಜಾತಿ ಸೇರಿದರೆ 35. ಮೇಳಕರ್ತಗಳು, ಅಂದರೆ ಮೂಲ ರಾಗಗಳು, 72 ಯಾಕೆ? ಮಧ್ಯಮ ಎರಡು ಬಗೆ, ರಿ-ಗ ಜೋಡಿ ಆರು, ದ-ನಿ ಜೋಡಿ ಆರು: 2×6×6. ದೊಡ್ಡ ಮಕ್ಕಳಿಗೆ, ಅಕ್ಷರಕ್ಕೆ ಅಂಕಿ ಕೊಡುವ ಕಟಪಯಾದಿ ಒಂದು ಗುಪ್ತಲಿಪಿಯ ಆಟ. ಮಾಯಾಮಾಳವಗೌಳದ "ಮ" 5, "ಯ" 1, ತಿರುಗಿಸಿದರೆ 15, ಅದು 15ನೇ ಮೇಳ.

ಛಂದಸ್ಸನ್ನೂ ಇದರ ಪಕ್ಕಕ್ಕೇ ತರಬಹುದು. ಇಲ್ಲಿ ಲಘು ಎಂದರೆ ಒಂದು ಮಾತ್ರೆಯ ಅಕ್ಷರ, ಅದಕ್ಕೆ ಒಂದು ಚಪ್ಪಾಳೆ, ಗುರು ಅಕ್ಷರಕ್ಕೆ ಎರಡು ಮಾತ್ರೆಯಷ್ಟು ಎಳೆದ ಒಂದು ಸದ್ದು. ನಾಲ್ಕು ಮಾತ್ರೆಯನ್ನು ಎಷ್ಟು ಬಗೆಯಲ್ಲಿ ತುಂಬಬಹುದು ಎಂದು ಮಕ್ಕಳೇ ಬಡಿದು ಕಂಡುಕೊಳ್ಳಲಿ. ಐದು ಬಗೆ ಸಿಗುತ್ತದೆ. ಮೂರಕ್ಕೆ ಮೂರು, ಐದಕ್ಕೆ ಎಂಟು. 1, 2, 3, 5, 8 ಎಂದು ಬೆಳೆಯುವ ಈ ಸಾಲನ್ನು ಇಂದು ಜಗತ್ತು ಇಟಲಿಯ ಗಣಿತಜ್ಞ ಫಿಬೊನಾಚಿಯ ಹೆಸರಿನಿಂದ ಕರೆಯುತ್ತದೆ. ಅವನ ಪುಸ್ತಕ ಬಂದದ್ದು 1202ರಲ್ಲಿ. ಜೈನ ಪಂಡಿತ ಹೇಮಚಂದ್ರ ಅದಕ್ಕಿಂತ ಸುಮಾರು ಅರ್ಧ ಶತಮಾನ ಮೊದಲೇ ಛಂದಸ್ಸಿನ ಲೆಕ್ಕದಲ್ಲಿ ಇದನ್ನು ವಿವರಿಸಿದ್ದ. ಗಣಿತ, ಭಾಷೆ, ಇತಿಹಾಸ, ಲಯ ನಾಲ್ಕೂ ಒಂದೇ ಬೆಳಿಗ್ಗೆಗೆ ಆಯಿತು.

ಆದರೆ ತಿಂಗಳಿಗೆ ಒಂದೆರಡು ಸಲ ಸಾಕು. ಹಾಡು ಬಾಯಿಗೆ ಬಂದಾಗಲೆಲ್ಲ ಹಿಂದಿನಿಂದ ಒಂದು ಪ್ರಶ್ನೆಪತ್ರಿಕೆ ಬರುತ್ತದೆ ಎಂದು ತಿಳಿದರೆ ಮಕ್ಕಳು ಹಾಡುವುದನ್ನೇ ನಿಲ್ಲಿಸುತ್ತಾರೆ.

ಹೋಮ್‌ಸ್ಕೂಲಿಂಗ್‌ನ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಕಲಿಕೆಯ ದಾಖಲೆ ಕೇಳುವ ಕಡೆಗಳಲ್ಲಿ ಸಂಗೀತದ ಹೊತ್ತನ್ನೂ ಬರೆದಿಡಿ. ಟೀಚರ್ ಬರೆದುಕೊಟ್ಟ ಪುಸ್ತಕ, ತಿಂಗಳಿಗೊಂದು ಧ್ವನಿಮುದ್ರಣ ಇದ್ದರೆ ಬೇರೆ ಪುರಾವೆ ಹುಡುಕಬೇಕಾಗಿಲ್ಲ.

ಹಂತ 8: ಕಾಯುವ ಹೊತ್ತು, ಕೆಟ್ಟ ದಿನ, ಕಾರ್ಯಕ್ರಮದ ತಿಂಗಳು

ಒಬ್ಬರ ಪಾಠ ನಡೆಯುವಾಗ ಹೊರಗೆ ಕಾಯುವ ತಮ್ಮ ತಂಗಿಯರಿಗೆ ಒಂದು ಚೀಲ ಬೇಕು. ಅದರಲ್ಲಿ ಎರಡನೇ ಕಾಲಮ್ಮಿನ ಕೆಲಸ ಮಾತ್ರ ಇರಲಿ, ಅದು ಮನೆಯಲ್ಲಿ ಬಿಚ್ಚುವ ಚೀಲವಾಗಿರದಿದ್ದರೆ ಇನ್ನೂ ಒಳ್ಳೆಯದು. ಪ್ರಯಾಣದ ಹೊತ್ತು ಕೇಳುವುದಕ್ಕೆ.

ಜ್ವರ, ಮದುವೆ ಮನೆ, ಆಫೀಸಿನ ಗಡುವು. ಇಂಥ ದಿನಕ್ಕೆಂದೇ ಅತಿ ಕಡಿಮೆ ಎಂದರೆ ಎಷ್ಟು ಎಂಬುದನ್ನು ಮೊದಲೇ ಗೊತ್ತುಮಾಡಿ: ಶ್ರುತಿ ಸೇರಿಸಿ, ಒಂದು ವರಸೆ, ಒಂದು ಸಾಲು, ಮುಗಿಯಿತು. ಗಂಟಲು ಕೆಟ್ಟ ದಿನ ಹಾಡುವವರು ಬಾಯಿ ತೆರೆಯುವುದೇ ಬೇಡ. ಕೇಳುತ್ತ ಕೈಯಲ್ಲಿ ತಾಳ ಹಾಕಲಿ.

ಕಾರ್ಯಕ್ರಮವೋ ಪರೀಕ್ಷೆಯೋ ಹತ್ತಿರ ಬಂದಾಗ ಶಾಲೆಯ ಮಕ್ಕಳಿಗೆ ಇಲ್ಲದ ಸ್ವಾತಂತ್ರ್ಯ ನಿಮಗಿದೆ. ಎರಡು ವಾರ ಗಣಿತ ಮತ್ತು ಓದು ಮಾತ್ರ ಇಟ್ಟುಕೊಂಡು, ಸಮಾಜ ವಿಜ್ಞಾನ, ಪ್ರಾಜೆಕ್ಟುಗಳನ್ನು ಪೂರ್ತಿ ಮುಂದೂಡಿ. ಅದು ಮುಗಿದ ಮೇಲೆ ಸಂಗೀತವನ್ನು ಕನಿಷ್ಠಕ್ಕೆ ಇಳಿಸಿ ಅವನ್ನು ಒಟ್ಟಿಗೆ ಎತ್ತಿಕೊಳ್ಳಿ. ವಾರವಾರವೂ ಎಲ್ಲ ವಿಷಯ ಸಮನಾಗಿರಬೇಕು ಎಂಬ ಹಟ ಶಾಲೆಯ ಗಂಟೆಯಿಂದ ಬಂದದ್ದು. ಆ ಗಂಟೆಯನ್ನು ಬಿಟ್ಟು ಬಂದವರು ನೀವು.

ಹಂತ 9: ಚುಕ್ಕಾಣಿ ಬಿಟ್ಟುಕೊಡುವುದು, ಬೇಕಾದರೆ ನಿಲ್ಲಿಸುವುದು

ಹನ್ನೊಂದು ಹನ್ನೆರಡರ ಹೊತ್ತಿಗೆ ವಾರದ ಯೋಜನೆ ಮಗುವೇ ಬರೆಯಲಿ. ನೀವು ವಾರಕ್ಕೊಮ್ಮೆ ಮಾತ್ರ ನೋಡಿ. ಮೊದಲ ತಿಂಗಳು ಅಭ್ಯಾಸ ತಪ್ಪುತ್ತದೆ. ಕ್ಲಾಸಿನಲ್ಲಿ ಗುರುಗಳ ಎದುರು ಅದಕ್ಕೆ ಮಗುವೇ ಉತ್ತರ ಹೇಳಲಿ, ನೀವು ನಡುವೆ ಬಂದು ವಕಾಲತ್ತು ವಹಿಸಬೇಡಿ. ಹಾಡುವ ಹುಡುಗರ ದನಿ ಒಡೆಯುವ ವಯಸ್ಸೂ ಹತ್ತಿರದಲ್ಲೇ ಬರುತ್ತದೆ. ಆಗ ಶ್ರುತಿ ಇಳಿಸಿ, ಹೊತ್ತು ಕಡಿಮೆ ಮಾಡಿ, ಗುರುಗಳನ್ನು ಕೇಳಿ ನಡೆಯಿರಿ. ಹಳೆಯ ಶ್ರುತಿಯಲ್ಲೇ ಎಳೆಸಬೇಡಿ.

ಮಗು ಬೇಡ ಎಂದರೆ ಮೊದಲು ಯಾವ ಬೇಡ ಎಂದು ತಿಳಿಯಿರಿ. ಈ ವಾರದ ಸಾಲು ಕಷ್ಟವಾಗಿದ್ದರೆ ಗೆರೆ ಹಾಕಿ ಒಡೆದುಕೊಟ್ಟರೆ ಸರಿಹೋಗುತ್ತದೆ. ಒಂದೇ ಹಾಡು ತಿಂಗಳುಗಟ್ಟಲೆ ಎಳೆದು ಬೇಸರವಾಗಿದ್ದರೆ ಟೀಚರ್ ಜೊತೆ ಮಾತಾಡಿ. ಎರಡೂ ಅಲ್ಲದೆ ಬೇಡ ಎನ್ನುವುದು ಮೂರು ತಿಂಗಳು ದಾಟಿದರೆ ಅದು ನಿಜವಾದ ಬೇಡ. ಆಗ ಕೈಯಲ್ಲಿರುವ ಹಾಡನ್ನು ಮುಗಿಸಿ, ಗುರುಗಳಿಗೆ ಒಂದು ತಿಂಗಳು ಮೊದಲೇ ತಿಳಿಸಿ, ಮಗುವೇ ಹೋಗಿ ಹೇಳಿಬರುವಂತೆ ಮಾಡಿ ನಿಲ್ಲಿಸಿ. ವಾದ್ಯವನ್ನು ಕೂಡಲೇ ಮಾರಬೇಡಿ. ಮೊದಲ ಕಾಲಮ್ಮಿನಲ್ಲಿ ಖಾಲಿಯಾದ ಆ ಇಪ್ಪತ್ತು ನಿಮಿಷವನ್ನು ಒಂದು ತಿಂಗಳು ಯಾವುದಕ್ಕೂ ತುಂಬದೆ ಹಾಗೇ ಬಿಡಿ. ಮನೆಯಲ್ಲಿ ಯಾವ ಮಗುವಿಗೆ ನಿಮ್ಮ ಹೊತ್ತು ಸಾಲದೆ ಇತ್ತು ಎಂಬುದು ಅಷ್ಟರಲ್ಲಿ ಕಾಣುತ್ತದೆ. ಆಮೇಲೆ ಹಾಳೆ ತೆಗೆದು ಮೂರು ಕಾಲಮ್ಮುಗಳನ್ನು ಹೊಸದಾಗಿ ಬರೆಯಿರಿ.